ಮೇಲಿನಂತೆ

ಅರಳೀಪೇಟೆಯ ಸರ್ಕಾರಿ ಮಿಡ್ಲ್ ಸ್ಕೂಲಿಗೆ ಬಂದಾಗ ಅದಕ್ಕೊಂದು ಮಾರುದ್ದದ ಹೆಸರಿತ್ತು. ಸಮಗ್ರ ಕಲಿಕಾ ಫಲಿತಾಂಶ ಮುನ್ನೋಟ ವ್ಯವಸ್ಥೆ. ಅಷ್ಟನ್ನೂ ಉಸಿರು ಬಿಡದೆ ಹೇಳುವ ಹೊತ್ತಿಗೆ ಅರ್ಧ ಪಿರಿಯಡ್ಡು ಮುಗಿದಿರುತ್ತದೆಂದು ಮೇಷ್ಟ್ರುಗಳು ವಾರದೊಳಗೇ ಅದಕ್ಕೆ ಅಂದಾಜಪ್ಪ ಎಂದು ಹೆಸರಿಟ್ಟರು. ತಿಂಗಳೊಳಗೆ ಮಕ್ಕಳೂ ಹಾಗೇ ಕರೆಯತೊಡಗಿದರು. ಸಾಹೇಬರುಗಳು ಬಂದಾಗ ಮಾತ್ರ ಎಲ್ಲರೂ ನಾಲಿಗೆ ಕಚ್ಚಿಕೊಂಡು 'ವ್ಯವಸ್ಥೆ' ಎನ್ನುತ್ತಿದ್ದರು.

ಅಂದಾಜಪ್ಪ ಇದ್ದದ್ದು ಜಿಲ್ಲಾ ಕೇಂದ್ರದ ಒಂದು ತಣ್ಣನೆಯ ಕಟ್ಟಡದಲ್ಲಿ. ಶಾಲೆಯಲ್ಲಿದ್ದದ್ದು ಅದರ ಪರದೆ ಅಷ್ಟೆ. ಮಗು ಆರನೇ ತರಗತಿಗೆ ಸೇರಿದ ದಿನ ಅದರ ಬಗ್ಗೆ ಅರವತ್ತನಾಲ್ಕು ಕಾಲಂ ತುಂಬಬೇಕಿತ್ತು. ಮನೆಮಾತು, ಮನೆಯ ಸೂರು, ಶಾಲೆಗಿರುವ ದೂರ, ಅಪ್ಪ ಅಮ್ಮನ ಓದು, ಅವರ ಉದ್ಯೋಗ, ಅಕ್ಕ ಅಣ್ಣಂದಿರು ಪಡೆದ ಅಂಕ, ಮನೆಯಲ್ಲಿ ಎಷ್ಟು ಬಲ್ಬು ಉರಿಯುತ್ತವೆ ಎಂಬುದರ ತನಕ. ಹಿಂದಿನ ಹದಿನೈದು ವರ್ಷಗಳಲ್ಲಿ ಓದಿ ಹೋದ ಒಂದು ಕೋಟಿ ಮಕ್ಕಳ ಇಂಥವೇ ವಿವರಗಳೂ ಅವರ ಅಂಕಗಳೂ ಅದರ ಹೊಟ್ಟೆಯಲ್ಲಿದ್ದವು. ಹೊಸ ಮಗುವನ್ನು ಆ ಕೋಟಿಯ ಪಕ್ಕ ನಿಲ್ಲಿಸಿ ಅಳೆದು, ಎಂಟನೇ ತರಗತಿಯ ಕೊನೆಗೆ ಇದು ನೂರಕ್ಕೆ ಇಷ್ಟು ತೆಗೆಯುತ್ತದೆ ಎಂದು ಹೇಳಿಬಿಡುತ್ತಿತ್ತು. ಅದಕ್ಕೆ ಮುನ್ನಂಕ ಎನ್ನುತ್ತಿದ್ದರು. ಮೊದಲ ಮೂರು ವರ್ಷ ಎಲ್ಲರೂ ಮೂಗು ಮುರಿದರು. ಆದರೆ ಪರೀಕ್ಷೆ ಮುಗಿಸಿ ತಾಳೆ ನೋಡಿದರೆ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಎರಡು ಮೂರು ಅಂಕದ ವ್ಯತ್ಯಾಸವೂ ಇರುತ್ತಿರಲಿಲ್ಲ. ಮುರಿದ ಮೂಗುಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಬಂದವು.

ನಂಬಿಕೆ ಬಂದ ಮೇಲೆ ಪಾಟಿಗಳು ಬಂದವು. ಪ್ರತಿ ಮಗುವಿಗೂ ಒಂದು ಮಿಂಚುಪಾಟಿ. ಮುನ್ನಂಕ ಅರವತ್ತು ಮುಟ್ಟಿದ ಮಗುವಿನ ಪಾಟಿಯಲ್ಲಿ ಪೂರ್ಣಪಾಠ ಮೂಡುತ್ತಿತ್ತು, ಅದಕ್ಕಿಂತ ಕಡಿಮೆಯಿದ್ದರೆ ಸರಳಪಾಠ. ಎಂಟು ಮುಗಿದ ಮೇಲೆ ಪೂರ್ಣಪಾಠದವರು ಹೈಸ್ಕೂಲಿಗೆ, ಸರಳಪಾಠದವರು ಕೌಶಲ ಶಾಲೆಗೆ ಹೊಲಿಗೆ, ವೈರಿಂಗು, ನೂಲು ತೆಗೆಯುವ ಯಂತ್ರದ ಕೆಲಸ ಕಲಿಯಲು. ಇದನ್ನು ಮಾಡಿದವರಲ್ಲಿ ಕೆಟ್ಟ ಬುದ್ಧಿಯೇನೂ ಇರಲಿಲ್ಲ. ಆಗದ ಲೆಕ್ಕ ಮುಂದಿಟ್ಟು ಮಗುವನ್ನು ಏಕೆ ಅಳಿಸಬೇಕು ಎಂಬುದು ಅವರ ಮಾತು. ಶಾಲೆ ಬಿಡುವ ಮಕ್ಕಳು ನಿಜಕ್ಕೂ ಕಡಿಮೆಯಾದರು. ನಪಾಸು ಎಂಬ ಪದವನ್ನೇ ಊರು ಮರೆಯಿತು. ಹಾಗಿರುವಾಗ ಯಾರನ್ನು ದೂರೋಣ ಹೇಳಿ.

ಜಯಶೀಲಾ ಮೇಡಂ ಈ ಶಾಲೆಯ ಗಣಿತದ ಶಿಕ್ಷಕಿ. ಇಪ್ಪತ್ತಾರು ವರ್ಷದ ಸರ್ವೀಸು. ಪಾಠದಲ್ಲಿ ಎಷ್ಟು ಹೆಸರು ಮಾಡಿದ್ದರೋ ಕಾಲಂ ತುಂಬುವುದರಲ್ಲಿ ಅದರ ಎರಡರಷ್ಟು ಹೆಸರು. ದಾಖಲಾತಿಯ ಕೊನೆಯ ದಿನ ಸಂಜೆ ಐದಕ್ಕೆ ಸರ್ವರ್ ಬಾಗಿಲು ಹಾಕುತ್ತಿತ್ತು. ಅಷ್ಟರೊಳಗೆ ನೂರಾ ಹತ್ತು ಮಕ್ಕಳ ಅರವತ್ತನಾಲ್ಕು ಕಾಲಂ ತುಂಬಿ, ಕೈ ತೊಳೆದು, ನಾಲ್ಕೂವರೆಗೆ ಕಾಫಿ ಕುಡಿಯುತ್ತಿದ್ದವರು ಇಡೀ ತಾಲ್ಲೂಕಿಗೆ ಅವರೊಬ್ಬರೇ.

ಅದರಲ್ಲಿ ಗುಟ್ಟೇನೂ ಇರಲಿಲ್ಲ. ಹಳೆಯ ಕಾಗದದ ರಿಜಿಸ್ಟರಿನ ಕಾಲದಿಂದಲೂ ನಮ್ಮ ಮೇಷ್ಟ್ರುಗಳಿಗೆ ಒಂದು ಅಭ್ಯಾಸ. ಮೊದಲ ಮಗುವಿನ ಸಾಲನ್ನು ಪೂರ್ತಿ ಬರೆಯುವುದು, ಕೆಳಗಿನವಕ್ಕೆಲ್ಲ ಎರಡೆರಡು ಗೀಟು ಎಳೆದು 'ಮೇಲಿನಂತೆ' ಎಂದುಬಿಡುವುದು. ಪರದೆ ಬಂದಾಗ ಮೇಷ್ಟ್ರುಗಳು ಒಕ್ಕೊರಲಿನಿಂದ ಕೇಳಿದ್ದೂ ಅದನ್ನೇ. ಸಂಘದವರು ಮನವಿ ಕೊಟ್ಟು ಆ ಗುಂಡಿಯನ್ನು ಹಾಕಿಸಿಕೊಂಡಿದ್ದರು. ಒತ್ತಿದರೆ ಸಾಕು, ಮೇಲಿನ ಸಾಲು ಕೆಳಗಿಳಿಯುತ್ತಿತ್ತು.

ಆ ವರ್ಷ ನೂಲಿನ ಕಾಲೋನಿಯಿಂದ ಮೂವತ್ತೊಂದು ಮಕ್ಕಳು ಒಟ್ಟಿಗೆ ಬಂದರು. ಅವರ ಕಾಗದಗಳನ್ನೆಲ್ಲ ಅಂಗನವಾಡಿ ಟೀಚರ್ ಒಂದು ಕೈಚೀಲದಲ್ಲಿ ತುಂಬಿ ತಂದಿದ್ದಳು. ಗಂಟೆ ಮೂರೂಮುಕ್ಕಾಲು. ಮೇಡಂ ಕಾಲಂ ಹದಿನೇಳಕ್ಕೆ ಬಂದರು. ತಾಯಿಯ ಉದ್ಯೋಗ. ಮೊದಲ ಸಾಲಿನಲ್ಲಿ 'ಕೂಲಿ' ಎಂದು ಬರೆದರು. ಕಾಲಂ ಹದಿನೆಂಟು, ತಾಯಿ ಕೆಲಸದಲ್ಲಿ ಲೆಕ್ಕ ಬಳಸುತ್ತಾರೆಯೇ. ಕೂಲಿ ಎಂದಿದ್ದರೆ ಅದು ತಾನಾಗಿಯೇ 'ಇಲ್ಲ' ಎಂದು ತುಂಬಿಕೊಳ್ಳುತ್ತಿತ್ತು. ಉಳಿದ ಮೂವತ್ತಕ್ಕೆ ಮೇಲಿನಂತೆ.

"ನೂಲಿನ ಕಾಲೋನೀಲಿ ಕೂಲಿ ಅಲ್ದೆ ಇನ್ನೇನು ಡಾಕ್ಟ್ರು ಇರ್ತಾರಾ ಸಾರ್?" ಎಂದು ಮೇಡಂ ಹೆಡ್‌ಮೇಷ್ಟ್ರು ಕೆಂಚಪ್ಪನವರತ್ತ ನೋಡಿ ನಕ್ಕರು. ಕೆಂಚಪ್ಪನವರೂ ನಕ್ಕು ಕಾಫಿಗೆ ಹೇಳಿಕಳಿಸಿದರು.

ಹತ್ತೊಂಬತ್ತನೇ ಸಾಲಿನಲ್ಲಿ ರುಖಿಯಾ ಎಂಬ ಹುಡುಗಿ ಇದ್ದಳು. ಮುನ್ನಂಕ ಮೂವತ್ತೆಂಟು.

ರುಖಿಯಾ ಏಳನೇ ತರಗತಿಗೆ ಬಂದ ವರ್ಷದ ಜುಲೈ. ಪಾಟಿಯ ರಿಪೇರಿಗೆ ಪೋಷಕರ ಒಪ್ಪಿಗೆ ಸಹಿ ಬೇಕಾಗಿತ್ತು. ಅವಳ ತಾಯಿ ಮುಬೀನಾ ಎರಡು ಸಲ ಹೇಳಿಕಳಿಸಿದರೂ ಶಾಲೆಯ ಕಡೆ ಮುಖ ಹಾಕಿರಲಿಲ್ಲ. ಅಂದು ರುಖಿಯಾಳೂ ಶಾಲೆಗೆ ಬಂದಿರಲಿಲ್ಲ. ಅವರ ಮನೆಯವರೆಲ್ಲ ಗೂಡಿನ ಮಾರ್ಕೆಟ್ಟಿನಲ್ಲಿ ಸಿಗುತ್ತಾರೆಂದು ಯಾರೋ ಹೇಳಿದರು. ಜಯಶೀಲಾ ಮೇಡಂ ಕಾಗದ ಹಿಡಿದು ಬೆಳಿಗ್ಗೆ ಹತ್ತರ ಹೊತ್ತಿಗೆ ಅಲ್ಲಿಗೇ ನಡೆದರು.

ರೇಷ್ಮೆ ಗೂಡಿನ ಮಾರ್ಕೆಟ್ಟೆಂದರೆ ಉದ್ದನೆಯ ಹಜಾರ, ಸಾಲು ಸಾಲು ತೊಟ್ಟಿಗಳಲ್ಲಿ ಸುರಿದ ಗೂಡು, ಮೂಗಿಗೆ ಅಡರುವ ಹುಳದ ವಾಸನೆ. ಮೂಲೆಯಲ್ಲಿ ನಾಲ್ಕೈದು ಹೆಂಗಸರು ಕಸ ಗುಡಿಸುತ್ತಿದ್ದರು. ಮೇಡಂ ಸೀದಾ ಅವರ ಬಳಿ ಹೋಗಿ ಇಲ್ಲಿ ಮುಬೀನಾ ಯಾರು ಎಂದು ಕೇಳಿದರು. ಅವರಲ್ಲೊಬ್ಬಳು ಪೊರಕೆಯಿಂದಲೇ ಹಜಾರದ ನಡುವಿನತ್ತ ತೋರಿಸಿದಳು.

ಅಲ್ಲಿ ಹತ್ತು ಹನ್ನೆರಡು ಗಂಡಸರು ಗುಂಪುಗಟ್ಟಿದ್ದರು. ನೂಲು ತೆಗೆಸುವ ಯಜಮಾನರು. ನಡುವೆ ಬುರ್ಖಾದ ಮುಸುಕನ್ನು ಹಿಂದಕ್ಕೆ ಹಾಕಿಕೊಂಡ ಒಬ್ಬ ತೆಳ್ಳನೆಯ ಹೆಂಗಸು.

"ಮುಬೀನಾಬೀ, ಈ ಲಾಟ್ ಒಂದ್ಸಲ ನೋಡ್ಬುಡಿ. ನೀವ್ ಹೇಳಿದ್ಮೇಲೇ ನಾನು ಕೂಗೋದು," ಎಂದ ಒಬ್ಬ.

ಮುಬೀನಾ ತೊಟ್ಟಿಯೊಳಗೆ ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ಗೂಡು ತೆಗೆದಳು. ಬೆರಳಿನಲ್ಲಿ ಅಮುಕಿದಳು. ಒಂದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ ಒಳಗಿನ ಹುಳದ ಸದ್ದು ಕೇಳಿದಳು. ಇನ್ನೊಂದನ್ನು ಬ್ಲೇಡಿನಲ್ಲಿ ಸೀಳಿ ನೋಡಿದಳು. "ಎಂಟೂಕಾಲು," ಎಂದಳು. ಎಂದರೆ ಎಂಟೂಕಾಲು ಕಿಲೋ ಗೂಡಿಗೆ ಒಂದು ಕಿಲೋ ನೂಲು. ಅವಳ ಬಾಯಿಂದ ಬಂದ ಆ ಸಂಖ್ಯೆಯ ಮೇಲೆಯೇ ಅಲ್ಲಿ ಹರಾಜು ನಡೆಯುತ್ತಿತ್ತು.

ಪಕ್ಕದ ಸ್ಟೂಲಿನ ಮೇಲೆ ರುಖಿಯಾ ಯೂನಿಫಾರಮ್ಮಿನಲ್ಲೇ ಕೂತು ಬನ್ನು ತಿನ್ನುತ್ತಿದ್ದಳು. "ಅರವತ್ಮೂರು ಕೆಜಿ ಲಾಟು," ಎಂದಳು ತಲೆ ಎತ್ತದೆ. "ಏಳು ಕೆಜಿ ಆರ್ನೂರ ಮೂವತ್ತು ಗ್ರಾಂ ನೂಲು. ಐದಾರು ಗ್ರಾಂ ಜಾಸ್ತೀನೇ ಬರುತ್ತೆ." ಆಮೇಲೆ ಎದುರಿಗೆ ಮೇಡಂ ನಿಂತಿದ್ದು ಕಂಡು, ಬನ್ನನ್ನು ಬೆನ್ನ ಹಿಂದೆ ಬಚ್ಚಿಟ್ಟು ಎದ್ದು ನಿಂತಳು.

ಜಯಶೀಲಾ ಮೇಡಂ ಫೋನು ತೆಗೆದು ಲೆಕ್ಕ ಹಾಕಿದರು. ಏಳು ಪಾಯಿಂಟ್ ಆರು ಮೂರು ಆರು. ಆ ವಾರ ಈ ಹುಡುಗಿಯ ಪಾಟಿಯಲ್ಲಿ ಬರುತ್ತಿದ್ದ ಲೆಕ್ಕ ನಲವತ್ತೆಂಟನ್ನು ಆರರಿಂದ ಭಾಗಿಸುವುದು.

ಮುಬೀನಾ ಕೈ ಒರೆಸಿಕೊಂಡು ಸಹಿ ಹಾಕಿದಳು. "ಎರಡು ಸಲ ಹೇಳಿ ಕಳ್ಸಿದ್ರಂತೆ. ಬೇಜಾರ್ ಮಾಡ್ಕೋಬೇಡಿ ಮೇಡಂ, ಬೆಳಿಗ್ಗೆ ಲಾಟ್ ಬಿಟ್ಟು ಬರೋಕಾಗಲ್ಲ. ಇವಳೂ ಜ್ವರ ಅಂತ ಮಲಗಿದ್ದೋಳು ಈಗ ಎದ್ದು ಬಂದವಳೆ. ಹೆಂಗೆ ಓದ್ತಾಳೆ?"

"ಚೆನ್ನಾಗಿ ಓದ್ತಾಳೆ."

"ಪಾಟೀಲಿ ಬರೀ ಸುಲಭದ್ದೇ ಬರುತ್ತೆ ಅಂತಾಳೆ. ಅಷ್ಟೇ ತಲೆ ಇರೋದೇನೋ ಅಂದ್ಕೊಂಡೆ. ಅಷ್ಟು ದೊಡ್ಡ ಮಿಷನ್ನು, ಸುಳ್ಳು ಹೇಳುತ್ತಾ?"

ಮೇಡಂ ಕಾಗದ ಮಡಚಿ ಬ್ಯಾಗಿಗೆ ಹಾಕಿಕೊಂಡು ಹೊರಟರು.

ತಿದ್ದುವುದಕ್ಕೆ ದಾರಿ ಇತ್ತು. ತುಂಬಿದವರೇ 'ನಾನು ವಿಚಾರಿಸದೆ ತುಂಬಿದ್ದೇನೆ' ಎಂದು ಸಹಿ ಮಾಡಿ ಅರ್ಜಿ ಹಾಕಬೇಕು. ಹಾಗೊಂದು ಅರ್ಜಿ ಬಿದ್ದರೆ ಆ ಶಾಲೆಯ ಎಲ್ಲ ಮಕ್ಕಳ ಎಲ್ಲ ಕಾಲಂಗಳ ಮರುತಪಾಸಣೆ. ಮೇಡಂ ಅಂದೇ ಮಧ್ಯಾಹ್ನ ಕೆಂಚಪ್ಪನವರ ಕೋಣೆಗೆ ಹೋಗಿ ಎಲ್ಲ ಹೇಳಿದರು.

ಕೆಂಚಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆಗಸ್ಟ್ ಹದಿನೈದಕ್ಕೆ ಶುದ್ಧ ದತ್ತಾಂಶ ಶಾಲೆ ಅಂತ ನಮಗೇ ಪ್ರಶಸ್ತಿ ಬತ್ತಾ ಅದೆ ಮೇಡಂ. ನಿಮ್ ಹೆಸರೇ ಹೋಗೈತೆ. ಇಡೀ ಜಿಲ್ಲೇಲಿ ಒಂದು ತಿದ್ದುಪಡಿನೂ ಇಲ್ದೆ ಇರೋ ಸ್ಕೂಲು ಇದೊಂದೇ. ಒಂದ್ ತಿಂಗ್ಳು ತಡ್ಕಳಿ. ಮಗು ಎಲ್ಲಿಗ್ ಓಡೋಯ್ತದೆ?"

ಮುಚ್ಚಿಟ್ಟು ಪ್ರಯೋಜನವಿಲ್ಲ. ಆ ಮಾತು ಕೇಳಿ ಜಯಶೀಲಾ ಮೇಡಂಗೆ ಹಾಯೆನಿಸಿತು.

ಆಗಸ್ಟ್ ಹದಿನೈದಕ್ಕೆ ಶಾಲು ಹೊದಿಸಿದರು, ಹಣ್ಣಿನ ತಟ್ಟೆ ಕೊಟ್ಟರು. ಮುಂದಿನ ಸಾಲಿನಲ್ಲಿ ಕೂತಿದ್ದ ರುಖಿಯಾ ಅಂಗೈ ಕೆಂಪಾಗುವ ಹಾಗೆ ಚಪ್ಪಾಳೆ ತಟ್ಟಿದಳು. ಪ್ರಶಸ್ತಿ ಬಂದ ವಾರದಲ್ಲೇ ಅರ್ಜಿ ಹಾಕಿದರೆ ನಗೆಪಾಟಲು ಆಗುತ್ತದಲ್ಲ, ದಸರಾ ಕಳೆಯಲಿ ಎಂದುಕೊಂಡರು. ದಸರಾ ಕಳೆಯಿತು, ಅರ್ಧವಾರ್ಷಿಕ ಪರೀಕ್ಷೆ ಬಂತು. ಆಮೇಲೆ ಜನಗಣತಿಯ ಕೆಲಸಕ್ಕೆ ಹಾಕಿದರು. ಆಮೇಲೆ ಮೇಡಂಗೇ ಮಂಡಿನೋವು. ಹೀಗೆ ಒಂದಲ್ಲ ಒಂದು. ರುಖಿಯಾ ಮಾತ್ರ ದಿನಾ ಮೂರನೇ ಬೆಂಚಿನಲ್ಲಿ ಕೂತು, ಪಾಟಿಯ ಲೆಕ್ಕಗಳನ್ನು ಐದು ನಿಮಿಷದಲ್ಲಿ ಮುಗಿಸಿ, ಉಳಿದ ಹೊತ್ತು ಕಿಟಕಿಯಾಚೆ ನೋಡುತ್ತಿದ್ದಳು. ಮೊದಮೊದಲು ಅವಳು 'ಇನ್ನೊಂದು ಕೊಡಿ ಮೇಡಂ' ಎನ್ನುತ್ತಿದ್ದಳು. ಫೆಬ್ರವರಿಯ ಹೊತ್ತಿಗೆ ಕೇಳುವುದನ್ನು ಬಿಟ್ಟಿದ್ದಳು.

ಮೇ ತಿಂಗಳ ಕೊನೆಯ ದಿನ. ಮೇಡಂ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದರು. ಗಂಡ ಮರಿಸ್ವಾಮಿ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ. ಬಸ್ಸಿನ ಡ್ರೈವರಾಗಿದ್ದವನು, ನಿವೃತ್ತನಾಗಿ ಅಂದಿಗೆ ಸರಿಯಾಗಿ ಒಂದು ವರ್ಷ.

"ನಾಳೆ ನಿಮ್ಮ ಹುಟ್ಟಿದಬ್ಬ. ಏನ್ ಮಾಡ್ಲಿ, ಪಾಯಸನಾ?"

"ನಂದಲ್ಲ ಕಣೇ, ನಮ್ ಮೇಷ್ಟ್ರ ಪೆನ್ನಿನ ಹುಟ್ಟಿದಬ್ಬ. ಪಾಯಸ ಅದಕ್ಕೇ ಕುಡ್ಸು," ಎಂದ ಮರಿಸ್ವಾಮಿ.

ಇದು ಆ ಮನೆಯ ಹಳೆಯ ತಮಾಷೆ. ಅವನ ಕಾಲದಲ್ಲಿ ಒಂದನೇ ತರಗತಿಗೆ ಸೇರಿಸುವಾಗ ಮೇಷ್ಟ್ರುಗಳು ಊರಿನ ಮಕ್ಕಳಿಗೆಲ್ಲ ಜೂನ್ ಒಂದು ಎಂದು ಹುಟ್ಟಿದ ತಾರೀಖು ಬರೆದುಬಿಡುತ್ತಿದ್ದರು. ಅವನ ಬೀದಿಯಲ್ಲಿ ಹದಿನೆಂಟು ಜನ ಜೂನ್ ಒಂದಕ್ಕೆ ಹುಟ್ಟಿದವರಿದ್ದರು. ಆ ಒಂದು ಗೀಟಿನಿಂದ ಮರಿಸ್ವಾಮಿ ಹದಿನೈದು ತಿಂಗಳು ಮೊದಲೇ ಬಸ್ಸಿನಿಂದ ಇಳಿಯಬೇಕಾಯಿತು. ಎಷ್ಟೋ ಸಲ ಹೇಳಿ ನಕ್ಕಿದ್ದ. ಅಂದು ಯಾಕೋ ನಗಲಿಲ್ಲ.

"ಮೇಷ್ಟ್ರ ಮೇಲೆ ನಂಗೇನ್ ಸಿಟ್ಟಿಲ್ಲ. ಆದ್ರೆ ಅವ್ವ ಅಲ್ಲೇ ಜಗಲಿ ಮೇಲೇ ಕೂತಿದ್ಲು ಕಣೇ. ಕೇಳಿದ್ರೆ ಹೇಳಿರೋಳು, ಗಣೇಶನ ಹಬ್ಬ ಕಳೆದು ಮೂರನೇ ದಿನ ಹುಟ್ಟಿದ್ದು ಅಂತ. ಕೇಳ್ಲಿಲ್ಲ ಅಷ್ಟೆ."

ಮೇಡಂ ಸೌಟು ಕೆಳಗಿಟ್ಟರು. ಹಂಚಿನ ಮೇಲೆ ದೋಸೆ ಸೀಯುತ್ತಿದ್ದರೂ ಅಲ್ಲೇ ನಿಂತು ರುಖಿಯಾಳ ವಿಷಯವನ್ನೆಲ್ಲ ಹೇಳಿದರು. ಮರಿಸ್ವಾಮಿ ಪೂರ್ತಿ ಕೇಳಿದ.

"ನಮ್ ಮೇಷ್ಟ್ರಿಗೆ ತಪ್ಪಾಗಿದ್ದು ಗೊತ್ತಾಗ್ಲೇ ಇಲ್ಲ ಬುಡು. ನಿಂಗೆ ಗೊತ್ತಾಗಿ ಎಷ್ಟ್ ದಿನ ಆಯ್ತು?"

"ಹತ್ತು ತಿಂಗಳು."

ಮರಿಸ್ವಾಮಿ ಎದ್ದು ಹೋಗಿ ಒಲೆ ಆರಿಸಿ ಬಂದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾರನೇ ದಿನವೇ ಮೇಡಂ ಅರ್ಜಿ ಬರೆದುಕೊಂಡು ಜಿಲ್ಲಾ ಮುನ್ನೋಟ ಕೇಂದ್ರಕ್ಕೆ ಹೋದರು. ಕೆಂಚಪ್ಪನವರನ್ನು ಕೇಳಲಿಲ್ಲ. ಕೇಂದ್ರವೆಂದರೆ ಮಹಾ ಏನೋ ಇರುತ್ತದೆಂದುಕೊಂಡಿದ್ದರು. ನೋಡಿದರೆ ಚಳಿ ಹುಟ್ಟಿಸುವ ಒಂದು ಕೋಣೆ, ಗೋಡೆ ತುಂಬ ಶಾಲೆಗಳ ಹೆಸರಿನ ಹಸಿರು ದೀಪಗಳು, ಸ್ವೆಟರು ಹಾಕಿಕೊಂಡು ಕೂತ ಇಂಚರಾ ಎಂಬ ಎಂಜಿನಿಯರ್ ಹುಡುಗಿ. ಅವಳು ಅರ್ಜಿ ಓದಿ, ಒಮ್ಮೆ ಮೇಡಂ ಮುಖ ನೋಡಿ, ಮರುಮಾತಾಡದೆ ಕಾಲಂ ಹದಿನೇಳು ತೆರೆದಳು. ಕೂಲಿ ಅಳಿಸಿ 'ರೇಷ್ಮೆ ಗೂಡಿನ ಪರೀಕ್ಷಕಿ' ಎಂದು ಬರೆದಳು. ಹದಿನೆಂಟು, ಲೆಕ್ಕ ಬಳಸುತ್ತಾರೆಯೇ. ಹೌದು. ಅರಳೀಪೇಟೆ ಶಾಲೆಯ ಹಸಿರು ದೀಪ ಹಳದಿಯಾಯಿತು. ಮುನ್ನಂಕ ಮೂವತ್ತೆಂಟರಿಂದ ನಲವತ್ತನಾಲ್ಕಕ್ಕೆ ಏರಿತು.

"ಅಷ್ಟೇನಾ?" ಎಂದರು ಮೇಡಂ.

"ಶುರುವಿನಲ್ಲಿ ವ್ಯವಸ್ಥೆ ಕಾಗದ ನೋಡುತ್ತೆ ಮೇಡಂ. ಮಗು ಪಾಟಿ ಹಿಡಿದು ಎರಡು ವರ್ಷ ಆದ್ಮೇಲೆ ಕಾಗದಕ್ಕೆ ಬೆಲೆ ಕಮ್ಮಿ, ಅದು ಏನು ಕಲಿತಿದೆ ಅನ್ನೋದಕ್ಕೇ ಜಾಸ್ತಿ. ಈ ಹುಡುಗಿ ಎರಡು ವರ್ಷ ನೋಡಿರೋದೆಲ್ಲ ಸರಳಪಾಠ. ಅದರ ಮುಂದಿನದು ಅವಳ ಪಾಟೀಲಿ ಬಂದೇ ಇಲ್ಲ."

"ಬರದೇ ಇರೋಕೆ ನಾನು ಮಾಡಿದ ತಪ್ಪೇ ಕಾರಣ ಅಲ್ವೇನಮ್ಮ?"

"ಹೌದು. ಆದ್ರೆ ಈಗ ಅದು ತಪ್ಪಾಗಿ ಉಳಿದಿಲ್ಲ ಮೇಡಂ. ಈಗ ಅವಳು ನಿಜವಾಗ್ಲೂ ನಲವತ್ನಾಲ್ಕರ ಹುಡುಗಿ." ಇಂಚರಾ ಇದನ್ನು ಒರಟಾಗಿ ಹೇಳಲಿಲ್ಲ, ತಿಳಿಯಲೆಂದು ಹೇಳಿದಳು.

ಮೇಡಂ ಸೆರಗನ್ನು ಭುಜದ ಸುತ್ತ ಎಳೆದುಕೊಂಡರು. "ಮೊದಲ ದಿನವೇ ಸರಿಯಾಗಿ ಬರೆದಿದ್ರೆ ಎಷ್ಟಿರ್ತಿತ್ತು, ಅದನ್ನ ಹೇಳುತ್ತಾ?"

ಇಂಚರಾ ತಾರೀಖು ಹಿಂದಕ್ಕೆ ಹಾಕಿದಳು. "ಎಪ್ಪತ್ತೊಂದು."

"ಹೋದ ವರ್ಷ ಜುಲೈನಲ್ಲಿ ತಿದ್ದಿದ್ರೆ?"

"ಯಾಕೆ, ಜುಲೈನಲ್ಲಿ ಏನಾಯ್ತು?" ಎನ್ನುತ್ತ ಅವಳು ಒತ್ತಿದಳು. "ಅರವತ್ಮೂರು."

ಎಪ್ಪತ್ತೊಂದನ್ನು ಕಳೆದದ್ದು ತಮ್ಮ ಅವಸರ, ಅರವತ್ಮೂರನ್ನು ಕಳೆದದ್ದು ಆ ಶಾಲು ಎಂದು ಮೇಡಂಗೆ ಬಸ್ಸಿನಲ್ಲಿ ಕೂತಾಗ ಹೊಳೆಯಿತು. ಅವಸರಕ್ಕಾದರೂ ಕ್ಷಮೆ ಇದ್ದೀತು. ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಅಳುತ್ತ ಊರು ತಲುಪಿದರು.

ಒಂದು ಕಿಂಡಿ ಉಳಿದಿತ್ತು. ವಿವರ ತಿದ್ದಿದ ಮಗು ಬೇಕಿದ್ದರೆ ನವೆಂಬರಿನಲ್ಲಿ ಪೆನ್ನು ಕಾಗದದ ಒಂದು ನೇರ ಪರೀಕ್ಷೆ ಬರೆಯಬಹುದು. ಅರವತ್ತು ಬಂದರೆ ಹೈಸ್ಕೂಲು. ಬರದಿದ್ದರೆ ಕೌಶಲ ಶಾಲೆಯೇ ಖಾಯಂ. ಮೇಡಂ ಅಟ್ಟದಿಂದ ಹಳೆಯ ಗಣಿತದ ಪುಸ್ತಕಗಳನ್ನು ಇಳಿಸಿ ಧೂಳು ಕೊಡವಿದರು. ದಿನಾ ಶಾಲೆ ಬಿಟ್ಟ ಮೇಲೆ ನಾಲ್ಕೂವರೆಯಿಂದ ಆರರವರೆಗೆ ಜಗಲಿಯ ಮೇಲೆ ರುಖಿಯಾಳಿಗೆ ಪಾಠ.

ಬಾಯಿಲೆಕ್ಕದಲ್ಲಿ ಹುಡುಗಿ ಮೇಡಂ ಅನ್ನೇ ಹಿಂದೆ ಹಾಕುತ್ತಿದ್ದಳು. ಅಕ್ಷರಗಳನ್ನು ಕೂಡಿಸಿ ಕಳೆಯುವ ಬೀಜಗಣಿತವನ್ನು ಅವಳು ಕಂಡೇ ಇರಲಿಲ್ಲ, ಆದರೂ ಎರಡು ತಿಂಗಳಲ್ಲಿ ಅದೂ ಒಲಿಯಿತು. ತೊಂದರೆ ಇದ್ದದ್ದು ಬೇರೆ ಕಡೆ. ಉದ್ದದ ಲೆಕ್ಕ ಕೊಟ್ಟರೆ ಮೂರು ಹಂತ ಚಕಚಕ ಬರೆದು ಪೆನ್ನು ಕೆಳಗಿಟ್ಟುಬಿಡುತ್ತಿದ್ದಳು.

"ಮುಂದೆ?"

"ಮುಗೀತಲ್ಲ ಮೇಡಂ."

"ಎಲ್ಲಿ ಮುಗೀತೇ? ಉತ್ತರ ಎಲ್ಲಿ?"

ರುಖಿಯಾ ಕಾಗದ ನೋಡಿ ತಾನೇ ಬೆರಗಾಗುತ್ತಿದ್ದಳು. ಸರಳಪಾಠದ ಲೆಕ್ಕಗಳೆಲ್ಲ ಮೂರೇ ಹಂತದವು. ಮಕ್ಕಳಿಗೆ ದಣಿವಾಗಬಾರದೆಂದು ಹಾಗೆ ಮಾಡಿದ್ದರು. ಮೂರನೇ ಹಂತ ಬರೆದ ಕೂಡಲೇ ಪಾಟಿ 'ಶಭಾಷ್' ಎಂದು ಗಂಟೆ ಬಾರಿಸುತ್ತಿತ್ತು. ಎರಡು ವರ್ಷ ದಿನಕ್ಕೆ ಮೂವತ್ತು ಸಲ. ಅವಳ ಕೈ ಅಲ್ಲಿಗೆ ಬಂದು ತಾನಾಗಿ ನಿಲ್ಲುವುದನ್ನು ಕಲಿತುಬಿಟ್ಟಿತ್ತು. ಮೇಡಂ ಪಕ್ಕದಲ್ಲಿ ಕೂತು 'ಮುಂದೆ, ಮುಂದೆ' ಎನ್ನುತ್ತಿದ್ದರೆ ಐದು ಆರು ಹಂತದವರೆಗೂ ಹೋಗುತ್ತಿದ್ದಳು. ಮೇಡಂ ನೀರು ಕುಡಿಯಲು ಒಳಗೆ ಹೋದರೆ ಮತ್ತೆ ಮೂರಕ್ಕೆ ನಿಲ್ಲುತ್ತಿದ್ದಳು.

ನವೆಂಬರಿನಲ್ಲಿ ಪರೀಕ್ಷೆ ಆಯಿತು. ಒಳಗೆ ಮೇಡಂಗೆ ಪ್ರವೇಶವಿರಲಿಲ್ಲ. ಹೊರಗೆ ಬೇವಿನ ಕಟ್ಟೆಯ ಮೇಲೆ ಮೂರು ಗಂಟೆ ಕೂತು ಮನಸ್ಸಿನಲ್ಲೇ 'ಮುಂದೆ, ಮುಂದೆ' ಎನ್ನುತ್ತಿದ್ದರು.

ಉತ್ತರ ಪತ್ರಿಕೆಯನ್ನು ಇಂಚರಾ ಮೇಡಂ ಕೈಗೇ ಕೊಟ್ಟಳು. ಆರು ಪುಟದಲ್ಲಿ ಒಂದೇ ಒಂದು ತಪ್ಪು ಹೆಜ್ಜೆ ಇರಲಿಲ್ಲ. ಮೊದಲೆರಡು ಲೆಕ್ಕ ಪೂರ್ತಿ ಮಾಡಿದ್ದಳು. ಆಮೇಲೆ ಗಾಬರಿಯೋ ಅವಸರವೋ, ಪ್ರತಿ ಲೆಕ್ಕಕ್ಕೂ ಮೂರು ಹಂತ, ಕೆಳಗೆ ನೀಟಾಗಿ ಒಂದು ಗೀಟು, ಅದರ ಕೆಳಗೆ ಖಾಲಿ ಜಾಗ. ನೂರಕ್ಕೆ ನಲವತ್ತೈದು.

ಶಾಲೆಯ ಗೇಟಿನ ಬಳಿ ಕಾಯುತ್ತಿದ್ದ ರುಖಿಯಾ ಮೇಡಂ ಮುಖ ನೋಡಿಯೇ ತಿಳಿದುಕೊಂಡಳು. ಅವರ ಕೈಯಿಂದ ಬ್ಯಾಗು ಇಸಿದುಕೊಂಡು ಪಕ್ಕದಲ್ಲಿ ನಡೆದಳು.

"ಅಂದಾಜಪ್ಪ ನಲವತ್ನಾಲ್ಕು ಅಂದಿತ್ತು. ನಾನು ಒಂದು ಜಾಸ್ತೀನೇ ತೆಗೆದೆ ಮೇಡಂ. ನೀವು ಬೇಜಾರ್ ಮಾಡ್ಕೋಬೇಡಿ. ಅದಕ್ಕೆ ಮೊದಲೇ ಗೊತ್ತಿತ್ತು ನೋಡಿ, ನೀವೇ ಸುಮ್ನೆ ಕಷ್ಟ ಪಟ್ರಿ."

ಎಪ್ಪತ್ತೊಂದು ಎಂಬ ಸಂಖ್ಯೆ ಮೇಡಂ ಗಂಟಲವರೆಗೆ ಬಂತು. ಹೇಳಿದರೆ ಹುಡುಗಿಗೆ ಸಮಾಧಾನವೋ ಇನ್ನಷ್ಟು ಸಂಕಟವೋ ತಿಳಿಯದೆ ನುಂಗಿಕೊಂಡರು.

ತಾಯಿಗೆ ಮಾತ್ರ ಎಲ್ಲವನ್ನೂ ಹೇಳಿದರು. ಮರುದಿನ ಮಧ್ಯಾಹ್ನ ಮಾರ್ಕೆಟ್ಟು ಖಾಲಿಯಾದ ಹೊತ್ತು, ಖಾಲಿ ತೊಟ್ಟಿಯ ಅಂಚಿಗೆ ಕೂತು, ಮೇಲಿನಂತೆ ಒತ್ತಿದ್ದು, ಜುಲೈನಲ್ಲಿ ತಿಳಿದದ್ದು, ಶಾಲು, ದಸರಾ, ಎಲ್ಲ. ಮುಬೀನಾ ಬುರ್ಖಾಕ್ಕೆ ಅಂಟಿದ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಬಿಡಿಸುತ್ತ ಕೇಳಿದಳು.

"ನಾನೂ ಅಂದಾಜು ಹೇಳೋಳೇ ಮೇಡಂ. ಹುಳದ ಸದ್ದು ಕೇಳಿ ಹೇಳ್ತೀನಿ. ಆದ್ರೆ ಒಂದೊಂದು ಲಾಟೂ ಮುಟ್ಟಿ ಹೇಳ್ತೀನಿ, ಪಕ್ಕದ ತೊಟ್ಟಿ ನೋಡಿ ಇದಕ್ಕೆ ಹೇಳಲ್ಲ. ಹೇಳಿದ್ದು ತಪ್ಪಾದ್ರೆ, ಗೂಡು ಬಿಸಿನೀರಿಗೆ ಬಿದ್ದ ಸಾಯಂಕಾಲಾನೇ ಯಜಮಾನ್ರು ಬಂದು ನಮ್ಮನೆ ಬಾಗಿಲು ತಟ್ತಾರೆ." ಅವಳು ಎದ್ದು ನಿಂತಳು. "ನಿಮ್ಮ ಬಾಗಿಲು ಯಾರು ತಟ್ತಾರೆ ಮೇಡಂ?"

ಮುಬೀನಾ ಕೂಗಾಡಲೂ ಇಲ್ಲ, ಕ್ಷಮಿಸಿದೆ ಎನ್ನಲೂ ಇಲ್ಲ. ಮುಸುಕು ಹಾಕಿಕೊಂಡು ಹೊರಟುಹೋದಳು.

ಶಾಲೆಯ ಮರುತಪಾಸಣೆ ಆಯಿತು. ಕಾಲೋನಿಯ ಮೂವತ್ತೊಂದು ತಾಯಂದಿರಲ್ಲಿ ಹನ್ನೊಂದು ಜನ ಕೂಲಿಯವರಾಗಿರಲಿಲ್ಲ. ಒಬ್ಬಳು ಬಣ್ಣದ ಮನೆಯಲ್ಲಿ ನೂಲಿಗೆ ಬಣ್ಣ ಬೆರೆಸುವವಳು, ಒಬ್ಬಳು ಮೀಟರು ರಿಪೇರಿ ಮಾಡುವವಳು. ಪ್ರಶಸ್ತಿಯ ಫಲಕವನ್ನು ಗೋಡೆಯಿಂದ ಇಳಿಸಿಕೊಂಡು ಹೋದರು. ಕೆಂಚಪ್ಪನವರು ಬೇರೆ ಊರಿಗೆ ವರ್ಗವಾದರು, ಹೋಗುವಾಗ ಮೇಡಂ ಜೊತೆ ಮಾತಾಡಲಿಲ್ಲ. ಮೇಲಿನಂತೆ ಗುಂಡಿಯನ್ನು ಮಾತ್ರ ಯಾರೂ ತೆಗೆಸಲಿಲ್ಲ.

ಮತ್ತೆ ಜೂನ್ ಬಂತು. ದಾಖಲಾತಿಯ ಕೊನೆಯ ದಿನ. ಜಯಶೀಲಾ ಮೇಡಂ ಈ ಸಲ ಪ್ರತಿ ಮಗುವಿನ ಜೊತೆ ಮನೆಯವರೊಬ್ಬರು ಬರಲೇಬೇಕೆಂದು ಹಟ ಹಿಡಿದಿದ್ದರು. ಸಾಲು ಗೇಟು ದಾಟಿ ರಸ್ತೆಗೆ ಬಂದಿತ್ತು. ಗಂಟೆ ನಾಲ್ಕಾದರೂ ಮೇಡಂ ಕಾಫಿ ಕುಡಿದಿರಲಿಲ್ಲ. ಒಂದೊಂದೇ ಕಾಲಂ ಕೇಳಿ, ಕೇಳಿದ್ದನ್ನು ಎರಡು ಸಲ ಓದಿ ಹೇಳಿ ಬರೆಯುತ್ತಿದ್ದರು. ಇನ್ನು ಮುಂದೆ ತನ್ನ ಕೈಯಿಂದ ಒಂದಕ್ಷರ ಸುಳ್ಳು ಆ ಪರದೆಗೆ ಹೋಗಬಾರದೆಂದು ದೇವರ ಮುಂದೆ ಹೇಳಿಕೊಂಡು ಬಂದಿದ್ದರು.

ಸಾಲಿನಲ್ಲಿ ರುಖಿಯಾ ಬಂದು ನಿಂತಳು. ಕೌಶಲ ಶಾಲೆಯ ನೀಲಿ ಕೋಟು ಹಾಕಿದ್ದಳು. ಕೈಯಲ್ಲಿ ತಂಗಿ ಶಿಫಾ, ಎಣ್ಣೆ ಹಾಕಿ ಬಿಗಿಯಾಗಿ ಎರಡು ಜಡೆ.

"ಅಮ್ಮಂಗೆ ಇವತ್ತು ಲಾಟ್ ಜಾಸ್ತಿ ಮೇಡಂ. ಅದಕ್ಕೆ ನಾನೇ ಬಂದೆ."

ತಾಯಿಯ ಉದ್ಯೋಗ, ರೇಷ್ಮೆ ಗೂಡಿನ ಪರೀಕ್ಷಕಿ. ಲೆಕ್ಕ ಬಳಸುತ್ತಾರೆಯೇ, ಹೌದು. ಮನೆಮಾತು, ಸೂರು, ದೂರ. ಪರದೆಯ ಮೂಲೆಯಲ್ಲಿ ಮುನ್ನಂಕ ಒಂದೊಂದಾಗಿ ಏರುತ್ತಿತ್ತು. ಅರವತ್ತೈದು ದಾಟಿತು. ಮೇಡಂ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ನಗು ಮೂಡಿತು. ಕಾಲಂ ನಲವತ್ತೊಂದಕ್ಕೆ ಬಂದರು. ಇದೇ ಶಾಲೆಯಲ್ಲಿ ಓದಿದ ಅಕ್ಕ ಅಥವಾ ಅಣ್ಣ, ಅವರ ಅಂಕ. ಮೇಡಂ ರುಖಿಯಾಳ ಹೆಸರು ಬರೆದು ನಲವತ್ತೈದು ಎಂದು ತುಂಬಿದರು. ಮುನ್ನಂಕ ಐವತ್ತೇಳಕ್ಕೆ ಇಳಿಯಿತು.

ಮೇಡಂ ಉಳಿದ ಕಾಲಂಗಳನ್ನು ತುಂಬಿದರು. ಐವತ್ತೇಳು ಅಲುಗಲಿಲ್ಲ. ಈ ಸಲ ಎಲ್ಲವೂ ನಿಜ. ಒಂದಕ್ಷರವೂ ತಪ್ಪಿರಲಿಲ್ಲ.

ರುಖಿಯಾ ಮೇಜಿನ ಈಚೆ ಬಂದು ಪರದೆಯನ್ನು ನೋಡುತ್ತಿದ್ದಳು. ಸಂಖ್ಯೆ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂಬುದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ನನ್ನ ಹೆಸರು ತೆಗೆದುಬಿಡಿ ಮೇಡಂ," ಎಂದಳು ಮೆಲ್ಲಗೆ.

"ಹಂಗೆಲ್ಲ ಬರೆಯೋಕಾಗಲ್ಲ ಕಣೇ. ಸುಳ್ಳಾಗುತ್ತೆ."

"ಇವಳಿಗೆ ಪೂರ್ಣಪಾಠ ಬರ್ಲಿ ಮೇಡಂ. ನನಗೇನೂ ಬೇಜಾರಿಲ್ಲ."

ಶಿಫಾ ಅಕ್ಕನ ಕೋಟಿನ ಗುಂಡಿ ಹಿಡಿದು ತಿರುಗಿಸುತ್ತ ನಿಂತಿದ್ದಳು. ಹಿಂದಿನಿಂದ ಯಾರೋ ಬೇಗ ಆಗ್ಲಿ ಮೇಡಂ, ಟೈಮಾಯ್ತು ಎಂದರು. ಜಯಶೀಲಾ ಮೇಡಂ ಕಾಲಂ ನಲವತ್ತೊಂದಕ್ಕೆ ಹಿಂದಿರುಗಿದರು. ರುಖಿಯಾ ಎಂಬ ಹೆಸರನ್ನು ಒಂದೊಂದೇ ಅಕ್ಷರವಾಗಿ ಅಳಿಸಿದರು. ಆ ಜಾಗದಲ್ಲಿ 'ಯಾರೂ ಇಲ್ಲ' ಎಂದು ಬರೆದರು.

"ಈಗೆಷ್ಟು ಬಂತು ಮೇಡಂ?"

"ಅರವತ್ತೆಂಟು."

ರುಖಿಯಾಳ ಮುಖ ಅರಳಿತು. ಅಂದಾಜಪ್ಪ ಹೇಳಿದ ಒಂದು ಸಂಖ್ಯೆಗೆ ಅವಳು ಸಂತೋಷಪಟ್ಟದ್ದನ್ನು ಮೇಡಂ ಕಂಡದ್ದು ಅದೇ ಮೊದಲು. ತಂಗಿಯ ಕೈ ಹಿಡಿದು, ಆರನೇ ತರಗತಿ ಎಲ್ಲಿ, ನೀರಿನ ನಲ್ಲಿ ಎಲ್ಲಿ ಎಂದು ತೋರಿಸುತ್ತ ವರಾಂಡದ ಉದ್ದಕ್ಕೂ ನಡೆದುಹೋದಳು. ಮೇಡಂ ಅವಳು ತಿರುವು ದಾಟುವವರೆಗೂ ನೋಡಿದರು. ಆಮೇಲೆ ಮುಂದಿನ ಮಗುವಿನ ತಾಯಿಯನ್ನು ಹತ್ತಿರ ಕರೆದು, ನೀವು ಏನು ಕೆಲಸ ಮಾಡ್ತೀರಮ್ಮ ಎಂದು ಕೇಳಿದರು.